ಮಳೆ ಬಂದ ದಿನ ಗಣಿತ ಬಿಡಿ

(ಚಳ್ಳಕೆರೆ ಸೀಮೆಯಲ್ಲಿ ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ಓಡಾಡಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ ಕಿರಿಯ ಶಿಕ್ಷಕರೊಬ್ಬರು, ವಿಶೇಷ ಶಾಲೆಯಲ್ಲಿ ಬಹುಕಾಲ ಕಲಿಸಿ ನಿವೃತ್ತರಾದ ಶಿಕ್ಷಕಿಯೊಬ್ಬರ ಜೊತೆ ಆಡಿದ ಮಾತು.)

ಕಿರಿಯರು: ಮೇಡಂ, ಒಬ್ಬ ಹುಡುಗನ ಐಇಪಿ, ಅಂದ್ರೆ ಅವನಿಗಂತಲೇ ಮಾಡೋ ಕಲಿಕಾ ಯೋಜನೆ, ತಂದಿದ್ದೀನಿ, ಸ್ವಲ್ಪ ನೋಡಿ ಹೇಳಬೇಕು. ಹುಡುಗನಿಗೆ ಒಂಬತ್ತು ವರ್ಷ. ಬೌದ್ಧಿಕ ಅಸಾಮರ್ಥ್ಯ ಇದೆ, ಎರಡು ಪದ ಜೋಡಿಸಿ ಮಾತಾಡ್ತಾನೆ. ಪರಿಸರ ಅಧ್ಯಯನದ ಕಾಲಂನಲ್ಲಿ ‘ಮೂರು ತಿಂಗಳ ಕೊನೆಗೆ ಮಳೆಗಾಲ, ಚಳಿಗಾಲ, ಬೇಸಿಗೆಕಾಲಗಳನ್ನು ಚಿತ್ರ ನೋಡಿ ಗುರುತಿಸುವನು’ ಅಂತ ಬರೆಯೋಣ ಅಂತಿದ್ದೀನಿ. ಚಾರ್ಟ್ ರೆಡಿ ಇದೆ.

ಹಿರಿಯರು: ಯಾವ ಮೂರು ತಿಂಗಳು?

ಕಿರಿಯರು: ಜೂನ್‌ನಿಂದ ಆಗಸ್ಟ್.

ಹಿರಿಯರು: ಆ ಮೂರು ತಿಂಗಳಲ್ಲಿ ಚಳ್ಳಕೆರೆಗೆ ಚಳಿಗಾಲ ಎಲ್ಲಿಂದ ಬರುತ್ತೆ ಮೇಷ್ಟ್ರೇ?

ಕಿರಿಯರು: ಬರಲ್ಲ. ಅದಕ್ಕೇ ಚಿತ್ರ.

ಹಿರಿಯರು: ಬೇರೆ ಮಕ್ಕಳಿಗೆ ಚಿತ್ರ ಸಾಕಾಗುತ್ತೆ. ಸ್ವೆಟರ್ ಚಿತ್ರ ತೋರಿಸಿ ‘ಸಂಕ್ರಾಂತಿ ಹೊತ್ತಿಗೆ ಎಷ್ಟು ಚಳಿ ಇತ್ತು, ನೆನಪಿದೆಯಾ’ ಅಂದರೆ ಅವರು ಆ ಚಳೀನ ಮನಸ್ಸಿಗೆ ತಂದುಕೋತಾರೆ. ಈ ಹುಡುಗನಿಗೆ ನಿನ್ನೆ, ನಾಳೆ ಅನ್ನೋದೇ ಇನ್ನೂ ಸರಿಯಾಗಿ ಕೂತಿಲ್ಲ. ಆರು ತಿಂಗಳ ಹಿಂದಿನ ಚಳಿ ಅವನ ಪಾಲಿಗೆ ಎಲ್ಲೂ ಇಲ್ಲ. ನೀವು ನೂರು ಸಲ ಹೇಳಿಸಿದರೆ ಸ್ವೆಟರ್ ಕಂಡಾಗ ‘ಚಳಿಗಾಲ’ ಅಂತಾನೆ, ಸೆಪ್ಟೆಂಬರ್‌ನಲ್ಲಿ ನೀವು ‘ಗುರಿ ಸಾಧಿಸಲಾಗಿದೆ’ ಅಂತ ಟಿಕ್ ಹಾಕ್ತೀರಿ. ಆಮೇಲೆ ಡಿಸೆಂಬರ್ ಬೆಳಗ್ಗೆ ಅದೇ ಹುಡುಗ ಬನಿಯನ್ನಲ್ಲಿ ಅಂಗಳಕ್ಕೆ ಬಂದು ನಡುಗ್ತಾ ನಿಂತಿರ್ತಾನೆ. ಕಾಲ ಕಲಿಸೋಕೆ ಕನಿಷ್ಠ ಎರಡು ವರ್ಷ ಬೇಕು. ಮೊದಲನೇ ಸುತ್ತಿನಲ್ಲಿ ಮಗು ಅದನ್ನ ಅನುಭವಿಸಬೇಕು, ಎರಡನೇ ಸುತ್ತಿನಲ್ಲಿ ‘ಇದು ಮತ್ತೆ ಬಂತು’ ಅಂತ ಗುರುತು ಹಿಡಿಯಬೇಕು. ತಿರುಗಿ ಬರದೇ ಇರೋದನ್ನ ಕಾಲ ಅಂತ ಯಾರು ಕರೀತಾರೆ?

ಕಿರಿಯರು: ನಮೂನೆಯಲ್ಲಿ ಎರಡು ವರ್ಷಕ್ಕೆ ಜಾಗ ಎಲ್ಲಿದೆ ಮೇಡಂ? ಮೂರು ತಿಂಗಳಿಗೊಂದು ಸಲ ಪ್ರಗತಿ ತೋರಿಸಬೇಕು.

ಹಿರಿಯರು: ತೋರಿಸಿ. ಆ ಮೂರು ತಿಂಗಳ ಪ್ರಗತಿ ಆ ಮೂರು ತಿಂಗಳಲ್ಲಿ ಇರೋ ಹವೆಯದ್ದಾಗಿರಲಿ ಅಷ್ಟೇ. ಜೂನ್‌ನಲ್ಲಿ ಗಾಳಿ ಬರೀರಿ, ಮಳೆ ಬರೀರಿ. ಚಳೀನ ನವೆಂಬರ್‌ಗೆ ಬಿಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶೇಕಡಾ ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಅಸಾಮರ್ಥ್ಯ ಇರೋ ಮಗುವಿಗೆ ಆರರಿಂದ ಹದಿನೆಂಟನೇ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಅಂದರೆ ಹನ್ನೆರಡು ಬೇಸಿಗೆ, ಹನ್ನೆರಡು ಮಳೆಗಾಲ. ಕಾನೂನೇ ಅಷ್ಟು ಸಮಯ ಕೊಟ್ಟಿರುವಾಗ ಅವಸರ ನಿಮಗ್ಯಾಕೆ? ಮಗು ಶಾಲೆ ಬದಲಾಯಿಸಿದರೆ, ನಿಮಗೆ ವರ್ಗ ಆದರೆ, ‘ಈ ಹುಡುಗ ಒಂದು ಸುತ್ತು ಮುಗಿಸಿದ್ದಾನೆ’ ಅನ್ನೋ ಒಂದು ಸಾಲು ಫೈಲಿನ ಜೊತೆ ಹೋಗಬೇಕು. ಈಗ ಹಾಗಾಗಲ್ಲ. ಹೊಸಬರು ಬಂದು ಮತ್ತೆ ಮೊದಲನೇ ಚಾರ್ಟಿನಿಂದ ಶುರು ಮಾಡ್ತಾರೆ. ಎಲ್ಲಿ, ನಿಮ್ಮ ಚಾರ್ಟ್ ತೋರಿಸಿ.

ಕಿರಿಯರು: ಚಾರ್ಟ್ ಅಂದ್ರೆ ಈ ಫ್ಲ್ಯಾಶ್ ಕಾರ್ಡ್ ಸೆಟ್. ಅಂಗಡಿಯಲ್ಲಿ ಸಿಕ್ಕಿದ್ದು.

ಹಿರಿಯರು: ಹಿಮದ ಗೊಂಬೆ, ಅದಕ್ಕೆ ಕ್ಯಾರೆಟ್ ಮೂಗು. ಹಳದಿ ಎಲೆ ಉದುರಿಸೋ ಮರ. ಸೂರ್ಯನಿಗೆ ಕಣ್ಣು, ಬಾಯಿ, ನಗು. ಮಳೆ ಹನಿ ನೀಲಿ. ಇದರಲ್ಲಿ ನಮ್ಮೂರಿಂದು ಏನಿದೆ ಹೇಳಿ? ನಗೋ ಸೂರ್ಯನ ಕಾರ್ಡ್ ತೋರಿಸಿದರೆ ಆಟಿಸಂ ಇರೋ ಮಕ್ಕಳು ಎಷ್ಟೋ ಸಲ ‘ಮುಖ’ ಅಂತಾರೆ. ಅವರು ಹೇಳೋದೂ ಸರೀನೇ, ಅಲ್ಲಿರೋದು ಮುಖಾನೇ. ನಾವು ತಪ್ಪು ಅಂತ ಗುರುತು ಹಾಕ್ತೀವಿ.

ಕಿರಿಯರು: ಅದು ಬೇಡ ಅಂದ್ರೆ ಕಾಲ ಎಷ್ಟು ಅಂತ ಹೇಳಿಕೊಡಲಿ? ಪಂಚಾಂಗದಲ್ಲಿ ಋತು ಆರು. ಶಾಲೆಯಲ್ಲಿ ಕಾಲ ಮೂರು. ಹವಾಮಾನ ಇಲಾಖೆ ಲೆಕ್ಕದಲ್ಲಿ ನಾಲ್ಕು.

ಹಿರಿಯರು: ಇಲಾಖೆಯ ನಾಲ್ಕು ಆ ಕಾರ್ಡಿನ ನಾಲ್ಕಲ್ಲ, ಅದನ್ನ ಮರೀಬೇಡಿ. ಜನವರಿ, ಫೆಬ್ರವರಿ ಚಳಿ. ಮಾರ್ಚ್‌ನಿಂದ ಮೇ ಮುಂಗಾರು ಪೂರ್ವದ ಬಿಸಿಲು. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು. ಆಮೇಲೆ ಡಿಸೆಂಬರ್‌ವರೆಗೆ ಹಿಂಗಾರು. ಪಂಚಾಂಗದ ಆರೂ ಚೆನ್ನಾಗಿದೆ, ಆದರೆ ಅದು ವಸಂತ ಅಂತ ಹೇಳೋ ದಿನಗಳಲ್ಲಿ ಚಳ್ಳಕೆರೆ ಕಾದ ಹೆಂಚು. ನಾನು ಎಣಿಕೆ ತಲೆಗೆ ಹಚ್ಚಿಕೊಳ್ಳೋದೇ ಇಲ್ಲ. ಮಗುವಿನ ಮೈಮೇಲಿನ ಬಟ್ಟೆ ಬದಲಾಗುತ್ತಾ? ತಟ್ಟೇಲಿ ಬರೋ ಊಟ ಬದಲಾಗುತ್ತಾ? ಮನೆಯವರ ಕೆಲಸ ಬದಲಾಗುತ್ತಾ? ಇವು ಬದಲಾದರೆ ಆ ಮಗುವಿಗೆ ಕಾಲ ಬದಲಾಯ್ತು ಅಂತ. ಹಾಗೆ ನೋಡಿದರೆ ಇಲ್ಲಿ ಬಿಸಿಲು, ಗಾಳಿ, ಮಳೆ, ಚಳಿ ಅಂತ ನಾಲ್ಕು ಸಿಗ್ತವೆ.

ಕಿರಿಯರು: ಗಾಳಿಯೂ ಒಂದು ಕಾಲವಾ?

ಹಿರಿಯರು: ಇಲ್ಲಿ ಹೌದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತೆ. ಇಲ್ಲಿ ಐನೂರರ ಆಸುಪಾಸು. ನಾವು ಘಟ್ಟದ ಮಳೆ ನೆರಳಿನಲ್ಲಿದ್ದೀವಿ. ಜೂನ್, ಜುಲೈನಲ್ಲಿ ಮೋಡ ನೀರನ್ನೆಲ್ಲ ಘಟ್ಟದಲ್ಲೇ ಇಳಿಸಿ, ಬರೀ ಗಾಳೀನ ಈ ಕಡೆ ಕಳಿಸುತ್ತೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿದಾರಾ? ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ‘ಜೂನ್ ಬಂತು, ಮಳೆಗಾಲ ಬಂತು’ ಅಂತ ನೀವು ಛತ್ರಿ ಚಿತ್ರ ಅಂಟಿಸ್ತೀರಿ. ಮಗು ಕಿಟಕಿ ಹೊರಗೆ ನೋಡಿದರೆ ಧೂಳು. ಅದು ಯಾರನ್ನ ನಂಬಬೇಕು? ಆಷಾಢದಲ್ಲಿ ಗಾಳಿಪಟ ಹಾರಿಸಿ. ದೊಡ್ಡಬಳ್ಳಾಪುರದಲ್ಲಿ ಆ ತಿಂಗಳು ಗಾಳಿಪಟದ ಸ್ಪರ್ಧೆಯೇ ನಡೆಯುತ್ತೆ. ದಾರ ಕೈಯಲ್ಲಿ ಕೊಟ್ಟರೆ ಕಣ್ಣು ಕಾಣದ ಮಗುವಿಗೂ ಗಾಳಿಯ ಎಳೆತ ಗೊತ್ತಾಗುತ್ತೆ. ಅದೇ ಗಾಳಿಪಾಠ.

ಕಿರಿಯರು: ದಿನಾ ಬೆಳಗ್ಗೆ ಪ್ರಾರ್ಥನೆ ಆದಮೇಲೆ ನಾವು ಹವಾಮಾನ ಫಲಕ ಮಾಡ್ತೀವಿ. ‘ಇವತ್ತು ಹೇಗಿದೆ?’ ಅಂತ ಕೇಳಿ ಬಾಣದ ಗುರುತು ತಿರುಗಿಸೋದು. ಎಲ್ಲರೂ ಒಟ್ಟಿಗೆ ‘ಬಿಸಿಲು’ ಅಂತ ಕೂಗ್ತಾರೆ.

ಹಿರಿಯರು: ಮಳೆ ಬಂದ ದಿನ?

ಕಿರಿಯರು: (ನಕ್ಕು) ಆವತ್ತೂ ಕೆಲವರು ‘ಬಿಸಿಲು’ ಅಂತಾರೆ.

ಹಿರಿಯರು: ಅಂತಾರೆ. ಯಾಕೆ ಅನ್ನಬಾರದು? ವರ್ಷದ ಬಹುಪಾಲು ದಿನ ಅದೇ ಸರಿ ಉತ್ತರ. ಆ ಉತ್ತರಕ್ಕೇ ನೀವು ಶಭಾಷ್ ಅಂದಿದ್ದೀರಿ. ಮಕ್ಕಳು ಕಲಿತಿರೋದು ಹವೆಯನ್ನಲ್ಲ, ನಿಮಗೆ ಏನು ಬೇಕು ಅನ್ನೋದನ್ನ. ಎರಡು ಬೇರೆ ಬೇರೆ ಸ್ಥಿತಿ ಪಕ್ಕಪಕ್ಕ ಸಿಕ್ಕಿದರೆ ಮಾತ್ರ ವ್ಯತ್ಯಾಸ ತಿಳಿಯೋದು. ನಮ್ಮ ಕಡೆ ಮಳೆ ಅಪರೂಪ, ಅದಕ್ಕೇ ಮಳೆ ಬಂದ ದಿನ ವೇಳಾಪಟ್ಟಿ ಪಕ್ಕಕ್ಕಿಡಿ. ಗಣಿತ ಬಿಡಿ, ಮಣಿ ಪೋಣಿಸೋದು ಬಿಡಿ. ಜಗಲಿಗೆ ಕರಕೊಂಡು ಬನ್ನಿ. ಕೈ ಚಾಚಲಿ, ತಲೆ ತೋಯಲಿ, ಒಳಗೆ ಬಂದು ಟವಲಿನಲ್ಲಿ ಒರೆಸಿಕೊಳ್ಳಲಿ. ಒದ್ದೆ ಅಂಗಿ ಬದಲಾಯಿಸೋದೂ ಪಾಠಾನೇ. ಗುಂಡಿ ಬಿಚ್ಚೋದು, ಹಾಕೋದು ಅಂತ ಬೇರೆ ಗುರಿ ಬರೆದಿರ್ತೀರಲ್ಲ, ಅದೂ ಅಲ್ಲೇ ಮುಗಿಯುತ್ತೆ.

ಕಿರಿಯರು: ಉಳಿದ ದಿನ?

ಹಿರಿಯರು: ಉಳಿದ ದಿನ ಪ್ರಶ್ನೆ ಒಳಗೆ ಕೂತು ಕೇಳಬೇಡಿ. ಬಾಗಿಲ ಹೊರಗೆ ನಿಲ್ಲಿಸಿ ಕೇಳಿ. ಮೇಲೆ ನೋಡೋದು, ಅಂಗೈ ಚಾಚೋದು, ಕೆನ್ನೆಗೆ ಗಾಳಿ ತಾಗುತ್ತಾ ಅಂತ ಸುಮ್ಮನಿರೋದು. ಆಮೇಲೆ ಎರಡೇ ಎರಡು ವಸ್ತು ಮುಂದಿಡಿ, ಛತ್ರಿ ಮತ್ತು ಟೋಪಿ. ಚಿತ್ರ ಅಲ್ಲ, ನಿಜವಾದ್ದು. ಯಾವುದು ಬೇಕು ಅಂತ ಕೇಳಿ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ನಮ್ಮಲ್ಲಿ ಹೆಚ್ಚಿನವರು ಮೂರು ಎಣಿಸೋಷ್ಟರಲ್ಲಿ ನಾವೇ ಉತ್ತರ ಹೇಳಿಬಿಡ್ತೀವಿ. ಅದನ್ನ ಕಲಿಸೋದು ಅಂತ ಅಂದುಕೊಂಡಿದ್ದೀವಿ! ಹತ್ತಾದರೂ ಆಗಲಿಲ್ಲ ಅಂದ್ರೆ ಕಣ್ಣಲ್ಲಿ ಸನ್ನೆ, ಆಮೇಲೆ ಬೆರಳು ತೋರಿಸೋದು, ಕೊನೆಗೆ ಕೈ ಹಿಡಿದು ಮಾಡಿಸೋದು. ದಿನ ಹೋದಂತೆ ಅದನ್ನೇ ಒಂದೊಂದಾಗಿ ಕಡಿಮೆ ಮಾಡ್ತಾ ಬನ್ನಿ. ವಸ್ತು ಗಟ್ಟಿಯಾದಮೇಲೆ ಫೋಟೋ. ನಿಮ್ಮದೇ ಶಾಲೆ ಅಂಗಳ ಬಿಸಿಲಲ್ಲಿ ಹೇಗಿತ್ತು, ಮಳೆಯಲ್ಲಿ ಹೇಗಿತ್ತು ಅಂತ ನೀವೇ ಮೊಬೈಲಲ್ಲಿ ತೆಗೆದ ಫೋಟೋ. ಗೆರೆ ಚಿತ್ರ ಅದಾದ ಮೇಲೆ. ಬರಹ ಕೊನೆಗೆ. ಮೂರನೇ ವಸ್ತು ಬೇಕಾದರೆ ಮೊದಲ ಎರಡು ತಪ್ಪಿಲ್ಲದೆ ಬರೋವರೆಗೂ ಕಾಯಿರಿ.

ಕಿರಿಯರು: ಎಲ್ಲ ಮಕ್ಕಳಿಗೂ ಇದೇ ದಾರಿಯಾ?

ಹಿರಿಯರು: ಅದು ಹೇಗಾಗುತ್ತೆ? ಕಾಯ್ದೆಯಲ್ಲೇ ಇಪ್ಪತ್ತೊಂದು ಬಗೆಯ ಅಸಾಮರ್ಥ್ಯ ಪಟ್ಟಿ ಮಾಡಿದಾರೆ. ದೃಷ್ಟಿ ಇಲ್ಲದ ಮಕ್ಕಳಿಗೆ ಹವೆ ಕಲಿಸೋದು ಒಂದು ಲೆಕ್ಕಕ್ಕೆ ಸುಲಭ. ಅವರು ನಮಗಿಂತ ಮುಂಚೆ ಹೇಳ್ತಾರೆ. ಮಳೆಗೆ ಮುಂಚೆ ಗಾಳಿ ತಣ್ಣಗಾಗೋದು, ಬಿಸಿ ನೆಲದ ಮೇಲೆ ಮೊದಲ ಹನಿ ಬಿದ್ದಾಗ ಏಳೋ ವಾಸನೆ. ಆ ವಾಸನೆಗೆ ಮಣ್ಣಿನಲ್ಲಿರೋ ಬ್ಯಾಕ್ಟೀರಿಯಾ ತಯಾರಿಸೋ ಜಿಯೋಸ್ಮಿನ್ ಅನ್ನೋ ವಸ್ತು ಒಂದು ಮುಖ್ಯ ಕಾರಣ. ಅತಿ ಸ್ವಲ್ಪ ಇದ್ದರೂ ಮನುಷ್ಯನ ಮೂಗು ಅದನ್ನ ಹಿಡಿಯುತ್ತೆ. ತಗಡಿನ ಮೇಲೆ ಮಳೆ ಸದ್ದು ಬೇರೆ, ಹೆಂಚಿನ ಮೇಲೆ ಬೇರೆ, ಬೇವಿನ ಮರದ ಮೇಲೆ ಬೇರೆ. ಮೂರನ್ನೂ ರೆಕಾರ್ಡ್ ಮಾಡಿ ಕೇಳಿಸಿ. ಮೋಡ ಮಾತ್ರ ಕಷ್ಟ. ಮುಟ್ಟೋಕೆ ಆಗಲ್ಲ, ಸದ್ದಿಲ್ಲ. ಹತ್ತಿ ಅಂಟಿಸಿ ‘ಇದೇ ಮೋಡ’ ಅಂತ ಸುಳ್ಳು ಹೇಳಬೇಡಿ. ಬಿಸಿಲಲ್ಲಿ ನಿಂತಾಗ ಮೈಮೇಲಿನ ಬಿಸಿ ತಟ್ಟನೆ ಹೋಯ್ತಲ್ಲ, ಆಗ ‘ಮೋಡ ಬಂತು’ ಅನ್ನಿ.

ಕಿರಿಯರು: ಕಿವಿ ಕೇಳದ ಮಕ್ಕಳಿಗೆ ಬೇಕಾದಷ್ಟು ಚಿತ್ರ ಇವೆ. ಸಂಜ್ಞಾ ಭಾಷೆಯ ನಿಘಂಟೂ ಇದೆ. ಅವರದ್ದು ಅಷ್ಟು ತೊಂದರೆ ಇಲ್ಲ ಅಂದುಕೊಂಡಿದ್ದೀನಿ.

ಹಿರಿಯರು: ಅಲ್ಲೇ ಒಂದು ಅಪಾಯ ಇರೋದು. ಗುಡುಗು ಕೇಳಿದರೆ ಒಳಗೆ ಓಡಬೇಕು ಅಂತ ಎಲ್ಲರಿಗೂ ಕಲಿಸ್ತೀವಿ. ಗುಡುಗೇ ಕೇಳದ ಮಗುವಿಗೆ? ಅವರಿಗೆ ‘ಮಿಂಚು ಕಂಡರೆ ಒಳಗೆ’ ಅಂತ ಬೇರೆಯಾಗಿ ಕಲಿಸಬೇಕು. ಮರದ ಕೆಳಗೆ ಹೋಗಬಾರದು ಅನ್ನೋದನ್ನ ಮಾಡಿಸಿ ತೋರಿಸಬೇಕು. ನಮ್ಮ ಕಡೆ ಕುರಿ ಕಾಯೋ ಮನೆ ಮಕ್ಕಳು ಬಹಳ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಸಿಡಿಲು ಹೊತ್ತುಕೊಂಡೇ ಬರೋದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ‘ಸಿಡಿಲು’ ಅಂತ ಮೊಬೈಲ್ ಆ್ಯಪ್ ಮಾಡಿದಾರೆ. ಇಂಥ ಮಕ್ಕಳ ಅಪ್ಪ ಅಮ್ಮನ ಫೋನಿಗೆ ಅದನ್ನ ಹಾಕಿಕೊಡೋದು ನಿಮ್ಮ ಕೆಲಸಾನೇ. ಇಡೀ ಹವಾಮಾನ ಪಾಠದಲ್ಲಿ ಒಂದನ್ನೇ ಕಲಿಸಿ ಅಂದ್ರೆ ನಾನು ಈ ಸಿಡಿಲಿನ ಪಾಠಾನೇ ಆರಿಸಿಕೋತೀನಿ.

ಕಿರಿಯರು: ನನ್ನ ಹತ್ತಿರ ಒಂದು ಹುಡುಗಿ ಇದ್ದಾಳೆ, ಆಟಿಸಂ. ಗುಡುಗಿದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋಗಿಬಿಡ್ತಾಳೆ. ಅವಳಿಗೆ ಮಳೆ ಅಂದ್ರೇ ಭಯ. ಕಲಿಸೋದು ದೂರದ ಮಾತು.

ಹಿರಿಯರು: ಅವಳಿಗೆ ಎಣಿಕೆ ಬರುತ್ತಾ?

ಕಿರಿಯರು: ನೂರರವರೆಗೆ, ಹಿಂದುಮುಂದಾಗಿ ಕೂಡ.

ಹಿರಿಯರು: ಹಾಗಿದ್ರೆ ಕೆಲಸ ಅರ್ಧ ಆಯ್ತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಅಂದರೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಹತ್ತಿರ. ಮನೆ ಒಳಗೆ ಕೂರಿಸಿಕೊಂಡು, ಮಿಂಚು ಕಂಡ ಕೂಡಲೇ ಅವಳ ಜೊತೆ ಎಣಿಸಿ. ಗುಡುಗು ಯಾವಾಗ ಬರುತ್ತೋ ಅನ್ನೋದೇ ಅವಳಿಗೆ ಹಿಂಸೆ. ಎಣಿಕೆ ಶುರುವಾದರೆ ‘ಈಗ ಬರುತ್ತೆ’ ಅಂತ ಗೊತ್ತಿರುತ್ತೆ. ಮೊದಲು ಕಿವಿಗೆ ಹತ್ತಿಯೋ, ಶಬ್ದ ತಡೆಯೋ ಹೆಡ್‌ಫೋನೋ ಕೊಡಿ. ಬೆಂಚಿನ ಕೆಳಗೇ ಕೂತು ಎಣಿಸಿದರೂ ಪರವಾಗಿಲ್ಲ, ಎಳೆದು ಹೊರಗೆ ತರಬೇಡಿ. ಎಲ್ಲ ಮಕ್ಕಳಿಗೂ ಇದು ನಾಟಲ್ಲ, ಇವಳಿಗೆ ನಾಟಬಹುದು ಅನ್ನಿಸುತ್ತೆ.

ಕಿರಿಯರು: ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳು, ಮನೆಯಲ್ಲೇ ಇರೋರು, ಅವರಿಗೆ ಹೊರಗೆ ನಿಲ್ಲೋದೇ ಆಗಲ್ಲ.

ಹಿರಿಯರು: ಅವರಿಗೆ ಬೇಸಿಗೆ ಮುಖ್ಯ. ‘ಬಾಯಾರಿಕೆ’ ಅಂತ ಹೇಳೋಕೆ ಆಗದ ಮಗು, ತಗಡಿನ ಶೀಟಿನ ಮನೆ, ಏಪ್ರಿಲ್ ತಿಂಗಳು. ಅಲ್ಲಿ ಬೇಸಿಗೆ ಪಾಠ ಅಂದ್ರೆ ಗಂಟೆಗೊಂದು ಸಲ ನೀರು. ನೀರಿನ ಲೋಟದ ಫೋಟೋ ಕೈಗೆಟುಕೋ ಕಡೆ ಅಂಟಿಸಿ, ಅದನ್ನ ಮುಟ್ಟಿದರೆ ಅಥವಾ ಆ ಕಡೆ ಕಣ್ಣು ಹಾಯಿಸಿದರೆ ನೀರು ಸಿಗಬೇಕು. ಇವರಲ್ಲಿ ಫಿಟ್ಸ್ ಇರೋರಿಗೆ ಕೊಡೋ ಕೆಲವು ಮಾತ್ರೆಗಳಿಂದ, ಟೋಪಿರಮೇಟ್ ಥರದ್ದು, ಕೆಲವು ಮಕ್ಕಳಿಗೆ ಬೆವರೋದು ಕಡಿಮೆಯಾಗಿ ಮೈ ಬೇಗ ಕಾದುಬಿಡುತ್ತೆ. ಮಾತ್ರೆ ನಿಲ್ಲಿಸಿ ಅಂತ ಹೇಳೋಕೆ ಹೋಗಬೇಡಿ. ಡಾಕ್ಟರ ಹತ್ತಿರ ಬೇಸಿಗೆಯಲ್ಲಿ ಏನು ಎಚ್ಚರ ವಹಿಸಬೇಕು ಅಂತ ಕೇಳೋಕೆ ತಾಯಿಗೆ ಹೇಳಿ.

ಕಿರಿಯರು: ಸರಿ, ಇದೆಲ್ಲ ಆಯಾ ದಿನದ ಹವೆ. ಕಾಲ ಅನ್ನೋದನ್ನ ಕಟ್ಟೋದು ಹೇಗೆ?

ಹಿರಿಯರು: ಗೋಡೆ ಬೇಕು, ಉದ್ದದ ಗೋಡೆ. ದಿನಕ್ಕೊಂದು ಕಾಗದದ ಚೌಕ ಅಂಟಿಸ್ತಾ ಹೋಗಿ. ಬಿಸಿಲಿಗೆ ಹಳದಿ, ಮಳೆಗೆ ನೀಲಿ, ಗಾಳಿಗೆ ಕಂದು, ಚಳಿಗೆ ಬಿಳಿ. ಆವತ್ತು ಬಾಗಿಲಲ್ಲಿ ನಿಂತು ಆರಿಸಿದ್ದನ್ನೇ ಮಗು ತಾನೇ ಅಂಟಿಸಬೇಕು. ಒಂದು ವಾರ ನೋಡಿದರೆ ಅದರಲ್ಲಿ ಏನೂ ಕಾಣಲ್ಲ. ಶಾಲಾ ವರ್ಷ ಮುಗಿಯೋ ಹೊತ್ತಿಗೆ ಎಲ್ಲಿ ನೀಲಿ ಒತ್ತಾಗಿದೆ, ಎಲ್ಲಿ ಕಂದು ಗುಂಪಾಗಿದೆ ಅಂತ ದೂರದಿಂದ ಕಾಣುತ್ತೆ. ಆ ಪಟ್ಟಿ ತೆಗೆದು ಬಿಸಾಕಬೇಡಿ. ಮುಂದಿನ ವರ್ಷದ್ದನ್ನ ಅದರ ಕೆಳಗೇ ಅಂಟಿಸಿ. ನೀಲಿ ಕೆಳಗೆ ನೀಲಿ ಬಂದು ಸೇರೋದನ್ನ ಮಗು ಬೆರಳಿಟ್ಟು ತೋರಿಸ್ತಲ್ಲ, ಕಾಲ ಅನ್ನೋದು ಅವನಿಗೆ ಸಿಕ್ಕಿತು ಅಂತ ಆಗ ಹೇಳಬಹುದು. ಕಣ್ಣು ಕಾಣದವರಿಗೆ ಬಟ್ಟೆ ತುಂಡು. ಚಳಿಗೆ ನಮ್ಮೂರ ಕಂಬಳಿ ಚೂರಿಗಿಂತ ಒಳ್ಳೇದು ಇನ್ನೇನಿದೆ? ಒಂದು ಸಲ ಮುಟ್ಟಿದರೆ ಮರೆಯಲ್ಲ, ಅಷ್ಟು ಚುಚ್ಚುತ್ತೆ.

ಕಿರಿಯರು: ಹಬ್ಬಗಳನ್ನ ಜೋಡಿಸಬಹುದಲ್ವಾ? ಯುಗಾದಿ ಅಂದ್ರೆ ಬೇಸಿಗೆ, ಸಂಕ್ರಾಂತಿ ಅಂದ್ರೆ ಚಳಿ.

ಹಿರಿಯರು: ಅವೆರಡೂ ನಿಲ್ಲುತ್ತವೆ. ರಂಜಾನ್ ನಿಲ್ಲಲ್ಲ. ಅದು ಬರೀ ಚಂದ್ರನ ಲೆಕ್ಕದ್ದು, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತೆ, ಎಲ್ಲ ಕಾಲದಲ್ಲೂ ಸುತ್ತುತ್ತೆ. ನಿಮ್ಮ ತರಗತಿಯಲ್ಲಿ ಆ ಮನೆ ಮಕ್ಕಳೂ ಇರ್ತಾರೆ. ನಾನು ಹಬ್ಬಕ್ಕಿಂತ ಬಾಯಿರುಚಿ ನಂಬಿಕೊಂಡವಳು. ಮೇ ತಿಂಗಳಲ್ಲಿ ಮಾವು, ಮಳೆ ಕೊನೆಗೆ ಹಸಿ ಶೇಂಗಾ, ಡಿಸೆಂಬರ್‌ನಲ್ಲಿ ಅವರೆಕಾಯಿ. ಶೇಂಗಾ ಗಿಡ ಕಿತ್ತು ತಂದು ಮಣ್ಣು ಕೊಡವಿ, ಬೇಯಿಸಿ, ಸುಲಿದು ತಿಂದ ಮಗುವಿಗೆ ಅದು ಯಾವ ಕಾಲದ್ದು ಅಂತ ಕಾರ್ಡ್ ತೋರಿಸಬೇಕಾಗಿಲ್ಲ. ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಆ ಕೆಲಸ ನಡೀತಾನೇ ಇರುತ್ತೆ.

ಕಿರಿಯರು: ಮಳೆ ಅಳೆಯೋದನ್ನ ಮಾಡಿಸಬಹುದಾ? ಅಷ್ಟು ಮುಂದುವರಿದ ಮಕ್ಕಳೂ ಇದ್ದಾರೆ. ಓದು ಬರಹ ತಡ, ತಲೆ ಚುರುಕು.

ಹಿರಿಯರು: ಮಾಡಿಸಿ. ನೇರ ಗೋಡೆ ಇರೋ ಪ್ಲಾಸ್ಟಿಕ್ ಡಬ್ಬಿ ಅಂಗಳದ ಬಯಲಲ್ಲಿ ಇಡಿ. ನೀರಿನ ಬಾಟಲಿ ತಳ ಉಬ್ಬುತಗ್ಗು ಇರುತ್ತೆ, ಅದರಲ್ಲಿ ಲೆಕ್ಕ ತಪ್ಪುತ್ತೆ. ಡಬ್ಬಿ ಹೊರಗೆ ಅಳತೆಪಟ್ಟಿ ಅಂಟಿಸಿ. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಇದನ್ನ ಕೊಡದಲ್ಲಿ ಅಳೆದು ಅಂಗಳದಲ್ಲಿ ಸುರಿದು ತೋರಿಸಬಹುದು. ಎರಡೂವರೆ ಮಿಲಿಮೀಟರ್ ಬಿದ್ದರೆ ಮಾತ್ರ ಇಲಾಖೆಯವರು ಅದನ್ನ ಮಳೆ ದಿನ ಅಂತ ಎಣಿಸೋದು. ನಿಮ್ಮ ಮಕ್ಕಳೂ ಹಾಗೇ ಎಣಿಸಲಿ. ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರದ ಮಳೆಮಾಪಕ ಇದೆ, ಅದರ ಅಂಕಿ ಕೇಳಿ ತಂದು ಪಕ್ಕದಲ್ಲಿ ಬರೆಯಲಿ. ಸಂಖ್ಯೆ ಬಾರದ ಮಗು ಡಬ್ಬಿಗೆ ಕೆಂಪು ಟೇಪ್ ಸುತ್ತಿ ‘ಇಲ್ಲಿವರೆಗೆ’ ಅನ್ನಲಿ. ಇಬ್ಬರೂ ಒಂದೇ ಡಬ್ಬಿ ಮುಂದೆ ಕೂರಬಹುದು.

ಕಿರಿಯರು: ಕೊನೆಗೆ ಒಂದು ಮಾತು ಮೇಡಂ, ತಪ್ಪು ತಿಳೀಬೇಡಿ. ಮೊನ್ನೆ ಒಬ್ಬರು ತಂದೆ ಕೇಳಿದರು, ‘ಇವನಿಗೆ ಮೋಡ, ಮಳೆ ಕಲಿಸಿ ಏನು ಉಪಯೋಗ ಸಾರ್? ನಾಲ್ಕು ಕಾಸು ದುಡಿಯೋದು ಕಲಿಸಿ’ ಅಂತ. ನನಗೆ ಉತ್ತರ ಹೊಳೆಯಲಿಲ್ಲ.

ಹಿರಿಯರು: ಸರಿಯಾಗೇ ಕೇಳಿದಾರೆ. ಅವರ ಮನೆಯಲ್ಲಿ ಮಾಳಿಗೆ ಮೇಲೆ ಸಂಡಿಗೆ ಹಾಕ್ತಾರಾ, ಮೆಣಸಿನಕಾಯಿ ಒಣಗಿಸ್ತಾರಾ ಅಂತ ಕೇಳಿ. ಮೋಡ ಕವಿದಾಗ ಯಾರೂ ಹೇಳದೆ ಎದ್ದು ಹೋಗಿ ಅದನ್ನ ಒಳಗೆ ತರೋನು ಮನೆಗೆ ಬೇಕಾದವನು. ದುಡಿಮೆ ಅಂದ್ರೆ ಅದೇ ಅಲ್ವಾ? ಒಣ ಬಟ್ಟೆ ತೆಗೆಯೋದು, ಕರು ಕೊಟ್ಟಿಗೆಗೆ ಕಟ್ಟೋದು, ಕಣದ ಮೇಲೆ ಟಾರ್ಪಾಲು ಎಳೆಯೋದು, ಎಲ್ಲಕ್ಕೂ ಮೊದಲು ತಲೆ ಎತ್ತಿ ಆಕಾಶ ನೋಡಬೇಕು. ನಾನಾದರೆ ಹದಿನೆಂಟು ವರ್ಷದವನ ಪರೀಕ್ಷೆ ಅಲ್ಲೇ ಮಾಡ್ತೀನಿ, ಕಾರ್ಡ್ ಇಟ್ಟುಕೊಂಡಲ್ಲ. ಇನ್ನೊಂದು ಇದೆ, ಅದು ಕಾಸಿನದ್ದಲ್ಲ. ಟೀ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಲ್ಲಿ ಗುರುತಿಲ್ಲದವರು ಮಾತಿಗೆ ಶುರು ಹಚ್ಚೋದೇ ‘ಏನ್ ಸೆಕೆ ಮಾರಾಯ’ ಅಂತ. ಅದಕ್ಕೆ ‘ಹೌದು, ಸೆಕೆ’ ಅಂತ ಎರಡು ಪದ ಆಡಬಲ್ಲ ಹುಡುಗನನ್ನ ಜನ ಪಕ್ಕದಲ್ಲಿ ಕೂರಿಸಿಕೋತಾರೆ. ನಿಮ್ಮ ಹುಡುಗನಿಗೆ ಎರಡು ಪದ ಬರುತ್ತಲ್ಲ.

ಕಿರಿಯರು: ಬರುತ್ತೆ. ಹಾಗಾದರೆ ಮನೆಯವರಿಗೆ ಏನು ಹೇಳಲಿ?

ಹಿರಿಯರು: ಹೆಚ್ಚೇನೂ ಬೇಡ. ಬೆಳಗ್ಗೆ ಅವಸರದಲ್ಲಿ ನೀವೇ ಬಟ್ಟೆ ಆರಿಸಿ ತೊಡಿಸಬೇಡಿ ಅನ್ನಿ. ತೆಳು ಅಂಗಿ ಒಂದು, ಸ್ವೆಟರ್ ಒಂದು ಮುಂದಿಟ್ಟು, ಬಾಗಿಲು ತೆಗೆದು, ಅವನೇ ಹೊರಗೆ ಒಂದು ಹೆಜ್ಜೆ ಇಟ್ಟು ಬಂದು ಆರಿಸಿಕೊಳ್ಳಲಿ. ತಪ್ಪು ಆರಿಸಿದರೆ ಸ್ವಲ್ಪ ಹೊತ್ತು ಚಳಿ ತಾಗಲಿ, ಆಮೇಲೆ ಬದಲಾಯಿಸಿಕೊಳ್ಳಲಿ. ದಿನಾ ಎಬ್ಬಿಸೋದಕ್ಕಿಂತ ಐದು ನಿಮಿಷ ಮುಂಚೆ ಎಬ್ಬಿಸಿದರೆ ಸಾಕು, ಇದಕ್ಕೆ ಸಮಯ ಸಿಗುತ್ತೆ.